ಅವಳು ಕಟ್ಟಿದ ಕೊನೆಯ ಸೆಲ್ಲು

ಗೋಕಾಕದ ನಮ್ಮ ಕಾಲೇಜಿನ ರಸಾಯನಶಾಸ್ತ್ರ ವಿಭಾಗದ ಹಿಂದೆ ಒಂದು ಉದ್ದನೆಯ ಕೋಣೆಯಿದೆ. ಮುರಿದ ಬೆಂಚು, ತುಕ್ಕು ಹಿಡಿದ ಸ್ಟ್ಯಾಂಡುಗಳನ್ನು ಒಟ್ಟಿದ್ದ ಆ ಕೋಣೆಯನ್ನು ಗುಡಿಸಿ, ಸುಣ್ಣ ಬಳಿಸಿ ಪ್ರಯೋಗಾಲಯ ಮಾಡಿದವರು ನಾವಿಬ್ಬರು, ನಾನು ಮತ್ತು ನನ್ನ ಮೊದಲ ಸಂಶೋಧನಾ ವಿದ್ಯಾರ್ಥಿನಿ. ಈಗ ಅಲ್ಲಿ ಬೇರೆಯವರು ಕೆಲಸ ಮಾಡುತ್ತಾರೆ. ಅವರೊಡನೆ ನಗುತ್ತ ಮಾತಾಡುವಾಗಲೂ ನನ್ನ ಒಂದು ಕಿವಿ ಮೂಲೆಯ ಯಂತ್ರದ ಕಡೆಗೇ ಇರುತ್ತದೆ. ಯಾಕೆಂದು ಅವರು ಕೇಳಿಲ್ಲ, ನಾನೂ ಹೇಳಿಲ್ಲ.

ನಾನು ಹುಕ್ಕೇರಿಯವಳು. ಬೆಳಿಗ್ಗೆ ಬಸ್ಸು ಹಿಡಿದು ಘಟಪ್ರಭಾ ದಾಟಿ ಗೋಕಾಕಕ್ಕೆ ಬಂದು, ಪಾಠ ಮುಗಿಸಿ, ಸಂಜೆ ಮನೆಗೆ ಮರಳುವ ಅಧ್ಯಾಪಕಿ. ಅವಳು ತುಕ್ಕಾನಟ್ಟಿಯವಳು. ಅವಳ ತಂದೆತಾಯಿ ಕಬ್ಬು ಕಡಿಯುವ ಗ್ಯಾಂಗಿನಲ್ಲಿ ದುಡಿದವರು. ಅವರದು ಸಂಜೆ ಬುದ್ಧನ ಚಿತ್ರದ ಮುಂದೆ ಕೂತು ವಂದನೆ ಹೇಳುವ ಮನೆ. ಮೂಡಲಗಿಯಲ್ಲಿ ಹೈಸ್ಕೂಲು ಮುಗಿಸಿ, ಊರೂರು ಬಸ್ಸು ಬದಲಿಸಿ ಎಮ್ಮೆಸ್ಸಿ ಓದಿ, ಒಂದು ಮಧ್ಯಾಹ್ನ ನನ್ನ ಬಾಗಿಲಲ್ಲಿ ಬಂದು ನಿಂತಳು.

"ಯಾವುದರ ಮ್ಯಾಲ ಕೆಲಸ ಮಾಡಬೇಕಂತ ಮಾಡೀಯವಾ?" ಎಂದು ಕೇಳಿದೆ.

"ರವದಿ ಮ್ಯಾಲರಿ ಅಕ್ಕಾರ."

ರವದಿ ಎಂದರೆ ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಗರಿ. ನನಗೆ ನಗು ಬಂತು. "ಅದರಾಗ ಏನೈತಿ?"

"ಏನೂ ಇಲ್ಲಂತನ ಎಲ್ಲಾರೂ ಸುಡತಾರಲ್ರಿ. ಸುಟ್ಟ ಮ್ಯಾಲ ಏನ ಉಳೀತೈತಿ, ಅದರಾಗ ಏನ ಹಿಡಸ್ತೈತಿ, ಅದನ್ನ ನೋಡೂದೈತ್ರಿ."

ಅವಳಿಗೆ ಓದಿನಿಂದ ಗೊತ್ತಿತ್ತು, ನನಗೂ ಗೊತ್ತಿತ್ತು. ರವದಿಯನ್ನು ಬಯಲಲ್ಲಿ ಸುಟ್ಟರೆ ಬೂದಿ. ಗಾಳಿ ತಾಗದಂತೆ ಕುಲುಮೆಯಲ್ಲಿ ಕಾಯಿಸಿದರೆ ಇದ್ದಿಲು. ಆ ಇದ್ದಿಲನ್ನು ಕ್ಷಾರದಲ್ಲಿ ಬೆರೆಸಿ ಮತ್ತೆ ಕಾಯಿಸಿ ತೊಳೆದರೆ ಅದರ ಒಳಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳು ಮೂಡುತ್ತವೆ. ವಿದ್ಯುತ್ತು ಆ ಗುಳಿಗಳ ಗೋಡೆಗೆ ಬಂದು ಅಂಟಿಕೊಳ್ಳುತ್ತದೆ. ಗುಳಿ ಹೆಚ್ಚಾದಷ್ಟೂ ಗೋಡೆ ಹೆಚ್ಚು, ಗೋಡೆ ಹೆಚ್ಚಾದಷ್ಟೂ ಸಂಗ್ರಹ ಹೆಚ್ಚು. ಒಂದು ಚಮಚ ಪುಡಿಯ ಒಳಮೈಯನ್ನೆಲ್ಲ ಬಿಡಿಸಿ ಹಾಸಲು ಬರುವಂತಿದ್ದರೆ ಒಂದು ಹೊಲವೇ ಬೇಕಾದೀತು. ಅದರ ಮೇಲೆ ಮ್ಯಾಂಗನೀಸ್ ಆಕ್ಸೈಡಿನ ನ್ಯಾನೊ ಕಣಗಳನ್ನು ಕೂಡಿಸಿದರೆ ಇನ್ನಷ್ಟು ಹಿಡಿಯುತ್ತದೆ. ಹೇಳುವುದಕ್ಕೆ ಸುಲಭ. ಮಾಡಲು ನಮಗೆ ವರ್ಷಗಳೇ ಹಿಡಿದವು.

ಅವಳಿಗೆ ಯಾಕೆ ಈ ಹಟ ಎಂದು ಒಮ್ಮೆ ಕೇಳಿದ್ದೆ. ಅವರ ಮನೆಯ ಮಾಳಿಗೆಯ ಮೇಲೆ ಒಂದು ಸಣ್ಣ ಸೋಲಾರ ಫಲಕ ಇತ್ತು. ಅದರ ಹಳೆಯ ಬ್ಯಾಟರಿ ಸತ್ತುಹೋಗಿ ಫಲಕ ಸುಮ್ಮನೆ ಬಿಸಿಲು ಕಾಯುತ್ತ ಕೂತಿತ್ತು.

"ಸೂರ್ಯ ಬಂದಾಗ ಮನ್ಯಾಗ ಯಾರೂ ಇರೂದಿಲ್ರಿ ಅಕ್ಕಾರ. ಎಲ್ಲಾರೂ ಹೊಲದಾಗ. ನಾವು ಮನೀಗಿ ಬಂದಾಗ ಅಂವ ಇರೂದಿಲ್ಲ. ಇಬ್ಬರಿಗೂ ಗಂಟ ಹಾಕಬೇಕು, ಅಷ್ಟ ನೋಡ್ರಿ" ಎಂದಳು.

ಅವಳ ಕೈ ನಿಧಾನ. ಕರೀ ಪುಡಿಯನ್ನು ಅಂಟಿನೊಂದಿಗೆ ಅರೆದು, ತೆಳುವಾಗಿ ಹಾಸಿ, ಒಣಗಿಸಿ, ದುಂಡಗೆ ಕತ್ತರಿಸಿ, ಕೈಗಡಿಯಾರದ ಸೆಲ್ಲಿನಂಥ ಪುಟ್ಟ ಡಬ್ಬಿಯೊಳಗೆ ಎರಡು ಬಿಲ್ಲೆಗಳನ್ನು ಎದುರುಬದುರು ಕೂಡಿಸಿ ಮುಚ್ಚುತ್ತಿದ್ದಳು. ನಡುವೆ ಉಪ್ಪುನೀರಿನಲ್ಲಿ ನೆನೆಸಿದ ಕಾಗದ. ಕೆಲಸ ಮಾಡುವಾಗ ಮಾತಿಲ್ಲ. ಸೆಲ್ಲು ಮುಚ್ಚಿದ ಮೇಲೆ ಅದನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸುವಳು. "ಏನ ಕೇಳಸ್ತೈತಿ?" ಎಂದರೆ, "ಏನೂ ಕೇಳಸಬಾರ್ದ್ರಿ. ಕೇಳಿಸಿದರ ಒಳಗ ಏನೋ ಸಡಲ ಐತಿ ಅಂತ" ಎನ್ನುವಳು.

ಮೂಲೆಯ ಯಂತ್ರದ ಕೆಲಸವೆಂದರೆ ಸೆಲ್ಲಿಗೆ ವಿದ್ಯುತ್ತು ತುಂಬುವುದು, ತೆಗೆಯುವುದು, ಮತ್ತೆ ತುಂಬುವುದು. ತುಂಬಿ ತೆಗೆಯುವ ತಿರುವಿನಲ್ಲಿ ಒಳಗಿನ ಒಂದು ಕೊಂಡಿ ಹೊರಳಿ "ಟಕ್" ಎನ್ನುತ್ತದೆ. ಪಕ್ಕದ ತೆರೆಯ ಮೇಲೆ ಒಂದು ಗೆರೆ ಏರುತ್ತದೆ, ಇಳಿಯುತ್ತದೆ. ಸಾವಿರಾರು ಸಲ ಹೀಗೆ ಮಾಡಿದ ಮೇಲೂ ಸೆಲ್ಲು ಮೊದಲಿನಷ್ಟೇ ಹಿಡಿಯುತ್ತದೆಯೇ, ಸೋಲುತ್ತದೆಯೇ ಎಂಬುದೇ ಪರೀಕ್ಷೆ. ಹಿಡಿಯುವ ಶಕ್ತಿ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಯಂತ್ರ ತಾನೇ ನಿಲ್ಲುವಂತೆ ಗುರುತು ಹಾಕಿ ಬಿಡುತ್ತೇವೆ.

ಆ ಮಳೆಗಾಲದಲ್ಲಿ ಅವಳು ಒಂದು ಹೊಸ ಸೆಲ್ಲು ಕಟ್ಟಿದಳು. ಯಂತ್ರಕ್ಕೆ ಹಚ್ಚಿ, ಗುರುತು ಹಾಕಿ, ಮೈ ಯಾಕೋ ಕಾಯುತ್ತಿದೆ ಎಂದು ಹೇಳಿ ಊರಿಗೆ ಹೋದಳು. ಸುತ್ತಲ ಹಳ್ಳಿಗಳಲ್ಲೆಲ್ಲ ಡೆಂಗಿ ಜ್ವರ ಇತ್ತು. "ಎರಡ ದಿನ ಮಲಕ್ಕೊ, ಸೆಲ್ಲ ನಾ ನೋಡ್ಕೊತೇನಿ" ಎಂದಿದ್ದೆ. ಜ್ವರ ಇಳಿದಂತೆ ಮಾಡಿ ಒಮ್ಮೆಲೇ ಬಿಗಡಾಯಿಸಿತು. ಮೂಡಲಗಿಯ ದವಾಖಾನೆಯಿಂದ ಗೋಕಾಕಕ್ಕೆ ತಂದರು. ನಾನು ನೋಡಲು ಹೋದಾಗ ಕಣ್ಣು ತೆರೆದು, "ಅಕ್ಕಾರ, ಓಡಾಕತ್ತೈತಿಲ್ರಿ?" ಎಂದಳು. ಓಡಾಕತ್ತೈತಿ ಎಂದೆ. ಮರುದಿನ ಬೆಳಗ್ಗೆ ಅವಳು ಹೋಗಿಬಿಟ್ಟಳು.

ತುಕ್ಕಾನಟ್ಟಿಯಲ್ಲಿ ಮಣ್ಣಿಗೆ ಹೋಗಿ ಬಂದವಳು ನಾನು ಒಂದು ವಾರ ಕಾಲೇಜಿಗೆ ಹೋಗಲಿಲ್ಲ. ಹೋದ ದಿನ ಪ್ರಯೋಗಾಲಯದ ಬೀಗ ತೆಗೆಯುವ ಮೊದಲೇ ಒಳಗಿನಿಂದ ಸದ್ದು ಬಂತು.

ಟಕ್.

ಕೀಲಿ ಹಿಡಿದ ಕೈ ಹಾಗೇ ನಿಂತಿತು. ಆ ಸದ್ದು ಯಾವುದೆಂದು ನನಗೆ ಗೊತ್ತು. ಗೊತ್ತಿದ್ದೂ ಇನ್ನೊಂದು ಸದ್ದು ಬರುವವರೆಗೆ ಕಾದೆ. ಬಾಗಿಲು ತೆರೆದೆ. ಕಿಟಕಿಯಿಂದ ಬಿಸಿಲು ಬಿದ್ದಿತ್ತು. ಅವಳ ಬಿಳಿ ಕೋಟು ಮೊಳೆಗೆ ತೂಗಿತ್ತು, ತೋಳಿನ ಅಂಚು ಕರ್ರಗೆ. ಕೋಣೆಯಲ್ಲಿ ಯಾರೂ ಇಲ್ಲ. ತೆರೆಯ ಮೇಲೆ ಅವಳ ಸೆಲ್ಲಿನ ಗೆರೆ ಏರುತ್ತಿತ್ತು, ಇಳಿಯುತ್ತಿತ್ತು. ಅವಳು ಸತ್ತ ಗಳಿಗೆಯಲ್ಲೂ ಅದು ಹೀಗೇ ಏರಿ ಇಳಿದಿತ್ತು. ಯಂತ್ರದ ದಾಖಲೆಯಲ್ಲಿ ಆ ಬೆಳಗಿನ ಗೆರೆಯನ್ನು ಹುಡುಕಿ ನೋಡಿದೆ. ಮಿಕ್ಕ ಬೆಳಗುಗಳ ಹಾಗೇ ಇತ್ತು, ಒಂದು ಕೂದಲೆಳೆ ವ್ಯತ್ಯಾಸವೂ ಇರಲಿಲ್ಲ. ಯಾಕೋ ಅದು ನನಗೆ ಸಹಿಸಲಾಗಲಿಲ್ಲ.

ನಿಲ್ಲಿಸಲು ಕೈ ಮುಂದೆ ಹೋಯಿತು, ಹಿಂದೆ ಬಂತು. ನಿಲ್ಲಿಸಲು ಕಾರಣ ಬೇಕಲ್ಲ? ಸೆಲ್ಲು ಚೆನ್ನಾಗಿಯೇ ಇತ್ತು. ನಾವು ಕಟ್ಟಿದ ಎಲ್ಲ ಸೆಲ್ಲುಗಳಿಗಿಂತ ಚೆನ್ನಾಗಿತ್ತು.

ವಾರಗಳು ಕಳೆದವು. ವಿಭಾಗದ ಪ್ಯೂನ್ ಕಾಕಾ ಆ ಕೋಣೆ ಗುಡಿಸುವುದನ್ನು ಬಿಟ್ಟರು. ಕೇಳಿದರೆ ಮುಖ ತಗ್ಗಿಸಿದರು.

"ಮಧ್ಯಾಹ್ನ ಮಂದಿ ಇಲ್ದಾಗ ಒಳಗ ಸಪ್ಪಳ ಆಗತೈತ್ರಿ ಮೇಡಮ್ಮಾರ. ಅಕಿ ಹಿಂಗ ಟೇಬಲ್ ಮ್ಯಾಲ ಬಟ್ಟಲಾ ಇಟ್ರ ಆಗತಿತ್ತಲ್ಲ, ಹಂಗ."

"ಅದು ಮಶೀನಿನ ಸಪ್ಪಳ ಕಾಕಾ."

"ಗೊತ್ತೈತ್ರಿ. ಆದರೂ ಅಕಿ ಹಚ್ಚಿದ್ದ ಹೌದಿಲ್ರಿ ಅದು?"

ಹುಕ್ಕೇರಿಯ ನಮ್ಮ ಮನೆಯಲ್ಲಿ ಅಮಾವಾಸ್ಯೆಗೆ ನಿಂಬೆಹಣ್ಣು ಕೊಯ್ದು ಹೊಸ್ತಿಲಿಗಿಡುವುದನ್ನು ನೋಡುತ್ತ ಬೆಳೆದವಳು ನಾನು. ನಂಬುವುದಿಲ್ಲ ಎಂದು ಹೇಳುತ್ತ ಬಂದವಳೂ ನಾನೇ. ಆ ದಿನಗಳಲ್ಲಿ ನಾನು ಕೋಣೆಗೆ ಹೋಗುವ ಮುಂಚೆ ಕೆಮ್ಮುತ್ತಿದ್ದೆ, ಒಳಗಿರುವವರಿಗೆ ಸುಳಿವು ಕೊಡುವವರ ಹಾಗೆ. ಬಸ್ಸಿನಲ್ಲಿ ಕೂತಾಗ ಯಾರಾದರೂ ಪರ್ಸಿನ ಗುಂಡಿ ಮುಚ್ಚಿದರೆ ಬೆಚ್ಚುತ್ತಿದ್ದೆ. ಕೈ ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಕಪ್ಪು ಉಳಿದಂತೆ ಕಾಣುತ್ತಿತ್ತು. ಅನ್ನ ಕಲಸುವಾಗ ನೋಡುತ್ತಿದ್ದೆ, ದೀಪ ಹಚ್ಚುವಾಗ ನೋಡುತ್ತಿದ್ದೆ. ನನ್ನ ಯಜಮಾನರು, "ಏನೂ ಇಲ್ಲ, ಸ್ವಚ್ಛ ಅದಾವ" ಎನ್ನುತ್ತಿದ್ದರು.

ಚಳಿಗಾಲದ ಹೊತ್ತಿಗೆ ಸೆಲ್ಲು ನಾವು ಅಂದುಕೊಂಡಿದ್ದಕ್ಕಿಂತ ಎಷ್ಟೋ ಹೆಚ್ಚು ಓಡಿತ್ತು. ಅಲ್ಲಿಯವರೆಗಿನ ಫಲಿತಾಂಶವನ್ನು ಬರೆದು ಒಂದು ವಿದೇಶಿ ಪತ್ರಿಕೆಗೆ ಕಳಿಸಲು ಕೂತೆ. ಮೊದಲ ಲೇಖಕಿ ಅವಳು, ಎರಡನೆಯವಳು ನಾನು. ಅವಳು ಈಗಿಲ್ಲ ಎಂದು ಸಂಪಾದಕರಿಗೆ ಬೇರೆಯಾಗಿ ತಿಳಿಸಿದೆ. ಆದರೆ ಲೇಖನ ತೆಗೆದುಕೊಳ್ಳುವುದು ಮನುಷ್ಯರಲ್ಲ, ಕಂಪ್ಯೂಟರು. ಅದು ಲೇಖಕರೆಲ್ಲರಿಗೂ ತನ್ನಷ್ಟಕ್ಕೆ ಒಂದು ಮೇಲ್ ಕಳಿಸಿಬಿಟ್ಟಿತು.

ಎರಡು ದಿನದ ಮೇಲೆ ಅವಳ ತಂದೆಯ ಫೋನು ಬಂತು. ಅವಳ ನಂಬರಿನಿಂದಲೇ ಬಂತು. ತೆರೆಯ ಮೇಲೆ ಅವಳ ಹೆಸರು ಕಂಡು ನಾನು ಪಾಠದ ನಡುವೆ ಕುರ್ಚಿ ಹಿಡಿದುಕೊಂಡೆ. ಮಗಳ ಫೋನನ್ನು ತಾಯಿ ಬಳಸುತ್ತಿದ್ದಾರೆಂದು ನನಗೆ ಗೊತ್ತಿರಲಿಲ್ಲ.

"ನಮಸ್ಕಾರ್ರಿ ಬಾಯಾರ" ಎಂದರು ಅವರು. "ಈ ಫೋನಿಗಿ ನಮ್ಮ ಹುಡುಗಿ ಹೆಸರಲೆ ಏನೋ ಬಂದೈತ್ರಿ, ಇಂಗ್ಲೀಷಿನ್ಯಾಗ. ಬಾಜೂ ಮನಿ ಹುಡುಗಿ ಓದಿ ಹೇಳಿದ್ಲು. ಇದನ್ನ ಬರದಾಕಿ ನೀನ ಹೌದೇನು, ಹೌದಂದ್ರ ಹೌದಂತ ಒತ್ತು, ಅಂತ ಐತೆಂತ." ಸ್ವಲ್ಪ ತಡೆದು ಮತ್ತೆ ಕೇಳಿದರು. "ಮುಂದ ಡಾಕ್ಟರ್ ಅಂತ ಹಚ್ಯಾರಂತ್ರಿ. ಆಗಿದ್ಲೇನ್ರಿ ಅಕಿ?"

ಆಗಿರಲಿಲ್ಲ. ಪ್ರಬಂಧದ ಕೊನೆಯ ಅಧ್ಯಾಯ ಬಾಕಿಯಿತ್ತು. ಎಲ್ಲರನ್ನೂ ಡಾಕ್ಟರ್ ಎಂದು ಕರೆಯುವುದು ಆ ಪತ್ರಿಕೆಯ ಕಂಪ್ಯೂಟರಿನ ರೂಢಿ. ಫೋನಿನಲ್ಲಿ ಅದನ್ನು ಹೇಳಲು ನನ್ನಿಂದಾಗಲಿಲ್ಲ. "ನಾಳೆ ನಾನ ಬರತೇನಿ ಕಾಕಾ" ಎಂದೆ.

ತುಕ್ಕಾನಟ್ಟಿಗೆ ಹೋದಾಗ ಕಬ್ಬಿನ ಹಂಗಾಮು ಭರದಲ್ಲಿತ್ತು. ರಸ್ತೆ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳು. ಅವಳ ತಂದೆ ಬಾಗಿಲಲ್ಲೇ ನಿಂತಿದ್ದರು. ಒಳಗೆ ಬುದ್ಧನ ಚಿತ್ರದ ಕೆಳಗೆ ಅವಳ ಫೋಟೊ ಇತ್ತು, ಹಾರವಿಲ್ಲದೆ. ತಾಯಿ ಗೋಡೆಗೆ ಒರಗಿ ಕೂತಿದ್ದರು. ಫೋನು ಅವರ ಮಡಿಲಲ್ಲಿತ್ತು. ಬರ್ರಿ ಎನ್ನಲಿಲ್ಲ.

ಮೇಲ್ ಯಾಕೆ ಬಂತೆಂದು ತಂದೆಗೆ ವಿವರಿಸಿದೆ. ಡಾಕ್ಟರ್ ಎಂಬುದರ ಬಗ್ಗೆಯೂ ಹೇಳಿದೆ. ಅವರು ತಲೆಯಾಡಿಸಿ, "ಆಗಲಿ ಬಿಡ್ರಿ" ಎಂದು ಚಹಾ ಇಡಲು ಎದ್ದರು. ಆಗ ತಾಯಿ ಬಾಯಿ ಬಿಟ್ಟರು.

"ಖರೆ ಹೇಳ್ರಿ ಬಾಯಾರ. ಆ ಕರೀ ಪುಡಿ ಅಕಿ ಎದಿಯಾಗ ಹೋಗಿತ್ತಿಲ್ಲೋ?"

ಆ ಪ್ರಶ್ನೆ ಇಷ್ಟು ದಿನ ನನ್ನ ಉಗುರಿನ ಸಂದಿಯಲ್ಲಿ ಕೂತಿದ್ದ ಪ್ರಶ್ನೆಯೇ.

"ಅಕಿಗೆ ಬಂದಿದ್ದು ಡೆಂಗಿ ಜ್ವರ ಅವ್ವಾರ. ಡಾಕ್ಟರೂ ಅದನ್ನ ಹೇಳ್ಯಾರ. ರಕ್ತದಾಗ..."

"ಊರಾಗ ಎಲ್ಲಾರಿಗೂ ಬಂದಿತ್ತು ಜ್ವರ. ಎಲ್ಲಾರೂ ಎದ್ರು. ಅಕಿ ಒಬ್ಬಾಕಿ ಯಾಕ ಏಳಲಿಲ್ಲ? ನಿಮ್ಮ ಲ್ಯಾಬಿನ ಖೋಲ್ಯಾಗಿಂದ ಬಂದ ಬಾಯಿ ಮುಕ್ಕಳಿಸಿದ್ರ ಕರ್ರಗ ಬರತಿತ್ತು. ನಾ ಕಣ್ಣಾರೆ ನೋಡೇನಿ."

ಅಡುಗೆಮನೆಯಿಂದ ತಂದೆ ಹೇಳಿದರು. "ಕಬ್ಬಿಗೆ ಬೆಂಕಿ ಹಚ್ಚಿದಾಗ ನಾವೂ ಕರ್ರಗ ಉಗಳೇವಿ. ಹಂಗಾಮ ತುಂಬ ಉಗಳೇವಿ. ಸತ್ತೇವೇನ ನಾವು?"

"ನಾವು ಸತ್ತಿದ್ರ ಚೊಲೋ ಆಗತಿತ್ತು" ಎಂದರು ತಾಯಿ.

ನಾನು ಏನೆಲ್ಲ ಹೇಳಬಹುದಿತ್ತು. ಮೂಗಿಗೆ ಮುಖವಸ್ತ್ರ ಕಟ್ಟುತ್ತಿದ್ದೆವು, ಪುಡಿಯನ್ನು ಗಾಳಿ ಹೀರುವ ಗೂಡಿನೊಳಗೇ ತೂಗುತ್ತಿದ್ದೆವು, ಡೆಂಗಿಗೂ ಇದ್ದಿಲಿಗೂ ಸಂಬಂಧವಿಲ್ಲ. ಎಲ್ಲವೂ ನಿಜ. ಆದರೆ ಅಷ್ಟು ಸಣ್ಣ ಕಣ ಒಳಗೆ ಹೋಗಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು ಪೂರ್ತಿ ತಿಳಿದವರು ಇನ್ನೂ ಯಾರೂ ಇಲ್ಲ.

"ಜ್ವರದಿಂದನ ಹೋದ್ಲು ಅಂತ ನನಗ ನಂಬಿಕಿ ಐತ್ರಿ" ಎಂದೆ. "ಆದರ ಅಕಿ ಒಬ್ಬಾಕಿ ಯಾಕ ಏಳಲಿಲ್ಲ ಅಂದ್ರ, ನನಗ ಗೊತ್ತಿಲ್ರಿ."

ತಾಯಿ ಮೊದಲ ಸಲ ನನ್ನ ಮುಖ ನೋಡಿದರು. ಸಿಟ್ಟು ಇಳಿಯಿತೆಂದು ಹೇಳಲಾರೆ. ಚಹಾದ ಬಟ್ಟಲನ್ನು ಮಾತ್ರ ತಾವೇ ನನ್ನ ಕಡೆ ಸರಿಸಿದರು. ಹೊರಡುವಾಗ ನನಗೆ ತಡೆಯಲಾಗಲಿಲ್ಲ. "ಅಕಿ ಕಟ್ಟಿದ ಒಂದು ಸೆಲ್ಲು ಇನ್ನೂ ಓಡಾಕತ್ತೈತ್ರಿ. ಆವತ್ತಿನಿಂದ ನಿಂತಿಲ್ಲ" ಎಂದೆ.

ಹತ್ತು ಹದಿನೈದು ದಿನ ಕಳೆದಿರಬಹುದು. ನಾನು ಪಾಠ ಮುಗಿಸಿ ಹೊರಬಂದರೆ ಕಾರಿಡಾರಿನ ಬೆಂಚಿನ ಮೇಲೆ ಇಬ್ಬರೂ ಕೂತಿದ್ದರು. ತಂದೆ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ತಾಯಿ ಸೆರಗನ್ನು ಮೂಗಿನ ಮೇಲೆ ಗಟ್ಟಿಯಾಗಿ ಹಿಡಿದಿದ್ದರು.

"ತೋರಸ್ರಿ" ಎಂದರು.

ಬೀಗ ತೆಗೆದೆ. ತಾಯಿ ಹೊಸ್ತಿಲಲ್ಲಿ ನಿಂತು ಕೋಣೆಯನ್ನೆಲ್ಲ ನೋಡಿದರು. ಕುಲುಮೆ, ಪುಡಿಯ ಸೀಸೆಗಳು, ಸೀಸೆಗಳ ಮೇಲೆ ಮಗಳ ಅಕ್ಷರ. ಬಿಳಿ ಕೋಟಿನ ಹತ್ತಿರ ಹೋಗಿ ತೋಳನ್ನು ಮೂಸಿದರು. "ಇದನ್ನ ಒಗದಿಲ್ಲೇನ್ರಿ?" ಎಂದು ಕೇಳಿದರು. ಒಗೆಯಲು ನನಗೆ ಕೈ ಬಂದಿರಲಿಲ್ಲ. ಅದನ್ನು ಮೊಳೆಯಿಂದ ತೆಗೆದು, ಮಡಚಿ, ಚೀಲಕ್ಕೆ ಹಾಕಿಕೊಂಡರು.

ಆಗ ಯಂತ್ರ "ಟಕ್" ಎಂದಿತು. ತಾಯಿ ತಿರುಗಿದರು.

"ಇದನ ಏನ್ರಿ ಅದು?"

"ಹೌದ್ರಿ. ಇದರೊಳಗಿಂದು ಅಕಿ ಕಟ್ಟಿದ ಸೆಲ್ಲು. ಈಗ ತುಂಬಾಕತ್ತೈತಿ. ಆಮ್ಯಾಲ ಖಾಲಿ ಮಾಡತೈತಿ."

"ಮತ್ತ?"

"ಮತ್ತ ತುಂಬತೈತ್ರಿ."

ತೆರೆಯ ಮೇಲಿನ ಗೆರೆ ಏರಿತು, ಇಳಿಯಿತು. ತಾಯಿಯ ಮೂಗಿನ ಮೇಲಿನ ಸೆರಗು ಯಾವಾಗಲೋ ಜಾರಿತ್ತು. ಅವರು ಯಂತ್ರದ ಮೇಲೆ ಅಂಗೈ ಇಟ್ಟರು. ಇಟ್ಟವರು ಕೈ ಸುಟ್ಟುಕೊಂಡವರಂತೆ ಹಿಂದಕ್ಕೆ ಎಳೆದುಕೊಂಡರು.

"ಬೆಚ್ಚಗ ಐತಿ."

"ಮಶೀನ ಅಂದ ಮ್ಯಾಲ ಬಿಸಿ ಆಗತೈತಿ. ಹೊಲದಾಗಿನ ಮೋಟಾರ ಆಗೂದಿಲ್ಲ?" ಎಂದರು ತಂದೆ.

"ಗೊತ್ತೈತಿ. ಸುಮ್ನಿರ್ರಿ ನೀವು."

ಮತ್ತೆ ಕೈಯಿಟ್ಟರು. ಈ ಸಲ ಬಹಳ ಹೊತ್ತು ತೆಗೆಯಲಿಲ್ಲ. ಬಾಗಿಲಾಚೆ ನಿಂತಿದ್ದ ಪ್ಯೂನ್ ಕಾಕಾ ಮುಖ ಆಚೆ ತಿರುಗಿಸಿದರು.

"ಇದು ಯಾವಾಗ ನಿಲ್ಲತೈತ್ರಿ?" ಎಂದು ತಾಯಿ ಕೇಳಿದರು.

"ಹಿಡಿಯೂದು ಸಾವಕಾಶ ಕಡಿಮಿ ಆಗಾಕತ್ತೈತ್ರಿ. ಇನ್ನ ಒಂದೀಟು ದಿನ. ಆಮ್ಯಾಲ ತಾನ ನಿಲ್ಲತೈತಿ."

"ನಿಲ್ಲೂ ಮೊದಲ ನನಗ ಹೇಳ್ರಿ." ಅವರ ಕೈ ಇನ್ನೂ ಯಂತ್ರದ ಮೇಲಿತ್ತು. "ದವಾಖಾನ್ಯಾಗ ಅಕಿ ಹೋಗೂ ಮುಂದ ನಾ ಇರಲಿಲ್ರಿ. ಚಾ ತರಾಕಂತ ಹೊರಗ ಹೋಗಿದ್ದೆ. ಬರೂದ್ರಾಗ..."

ತಂದೆ ಅವರ ಭುಜ ಹಿಡಿದರು. ನಾನು, ಹೇಳತೇನ್ರಿ ಎಂದೆ.

ಆ ಮಾತು ಕೊಟ್ಟ ಮೇಲೆ ನನ್ನ ಭಯಕ್ಕೆ ಬೇರೆ ರೂಪ ಬಂತು. ಮೊದಲು ಆ ಸದ್ದು ಕೇಳಲು ಹೆದರುತ್ತಿದ್ದೆ. ಈಗ ಕೇಳದಿದ್ದರೆ ಹೇಗೆಂದು ಹೆದರತೊಡಗಿದೆ. ಗೋಕಾಕದಲ್ಲಿ ಕರೆಂಟು ಹೋಯಿತೆಂದರೆ ಬದಲಿ ಬ್ಯಾಟರಿ ಹಿಡಿಯಿತೋ ಇಲ್ಲವೋ ಎಂದು ಓಡುತ್ತಿದ್ದೆ. ಒಮ್ಮೆ ಓಡಿ ಬಂದರೆ ನನಗಿಂತ ಮೊದಲೇ ಪ್ಯೂನ್ ಕಾಕಾ ಅಲ್ಲಿದ್ದರು. ತಿಂಗಳುಗಟ್ಟಲೆ ಒಳಗೆ ಕಾಲಿಡದಿದ್ದವರು ಯಂತ್ರದ ಮುಂದೆ ನಿಂತು, "ಐತ್ರಿ, ಐತ್ರಿ, ಓಡಾಕತ್ತೈತಿ" ಎಂದರು. ಹುಕ್ಕೇರಿಯ ಮನೆಯಲ್ಲಿ ರವಿವಾರ ಬಟ್ಟೆ ಒಣಗಹಾಕುತ್ತ ನಿಂತಾಗಲೂ ನನಗೆ ಆ ಗೆರೆ ಕಣ್ಣ ಮುಂದೆ ಏರಿ ಇಳಿಯುತ್ತಿತ್ತು. ಅವಳು ನನ್ನ ಹಿಂದೆ ನಿಂತು ನೋಡುತ್ತಿದ್ದಾಳೆ ಅನ್ನಿಸುತ್ತಿತ್ತು. ತಿರುಗಿದರೆ ತಂತಿಯ ಮೇಲೆ ಒದ್ದೆ ಸೀರೆ.

ಬೇಸಿಗೆ ಕಾಲಿಡುವ ಹೊತ್ತಿಗೆ ಸೆಲ್ಲು ಅವಳು ಹಾಕಿದ ಗುರುತಿನ ಹತ್ತಿರ ಬಂತು. ಅಂಕಿಗಳನ್ನು ನೋಡಿ, ಇವತ್ತು ಇಲ್ಲವೇ ನಾಳೆ ಎಂದು ಅಂದಾಜು ಮಾಡಿ ತುಕ್ಕಾನಟ್ಟಿಗೆ ಫೋನು ಮಾಡಿದೆ. ತಾಯಿ ಮೊದಲ ಬಸ್ಸಿಗೇ ಬಂದರು, ಒಬ್ಬರೇ. ತಂದೆ ಗ್ಯಾಂಗಿನ ಜೊತೆ ಮಮದಾಪುರದ ಕಡೆ ಕಡಿತಕ್ಕೆ ಹೋಗಿದ್ದರು.

ಮಗಳು ಕೂರುತ್ತಿದ್ದ ಸ್ಟೂಲಿನ ಮೇಲೆ ತಾಯಿ ಕೂತರು. ಮಧ್ಯಾಹ್ನ ರೊಟ್ಟಿ ಗಂಟು ಬಿಚ್ಚಲಿಲ್ಲ. ನೀರು ಕುಡಿಯಲು ಹೊರಗೆ ಹೋಗಿ ಎಂದರೂ ಏಳಲಿಲ್ಲ. ಪ್ಯೂನ್ ಕಾಕಾ ತಂಬಿಗೆಯಲ್ಲಿ ನೀರು ತಂದು ಬಾಗಿಲ ಒಳಗೆ ಇಟ್ಟುಹೋದರು. ನಾನು ಪಾಠಗಳನ್ನು ಬೇರೆಯವರಿಗೆ ವಹಿಸಿ ಅವರ ಪಕ್ಕದಲ್ಲಿ ಕೂತೆ.

ನಡುನಡುವೆ ಮಾತಾಡಿದರು. ಹುಡುಗಿ ಸಣ್ಣವಳಿದ್ದಾಗ ಫಡದಲ್ಲಿ, ಕಬ್ಬಿನ ಹೊಲದಲ್ಲಿ, ರವದಿಯ ರಾಶಿಯ ಮೇಲೆ ಮಲಗಿಸಿ ಕಬ್ಬು ಕಡಿಯುತ್ತಿದ್ದುದು, ಗರಿಯ ಅಂಚು ಕೊಯ್ದು ಅವಳ ಕೆನ್ನೆಯಲ್ಲಿ ಗೀರು ಮೂಡುತ್ತಿದ್ದುದು, ಅವಳು ಅಳದೆ ಗರಿಯನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದುದು.

"ಒಂದ ಸಲ ಫಡಕ್ಕ ಬೆಂಕಿ ಹತ್ತಿತ್ರಿ. ಗಾಳಿ ತಿರಗಿ ನಮ್ಮ ಕಡೆ ಬಂತು. ಅಕಿನ್ನ ಎತ್ಕೊಂಡು ಓಡಿದೆ. ಉಳಿಸ್ದೆ ಅಂತ ಅನ್ಕೊಂಡಿದ್ದೆ" ಎಂದರು.

ಬಿಸಿಲು ಕಿಟಕಿಯಿಂದ ಇಳಿದು ನೆಲಕ್ಕೆ ಬಂತು. ಯಂತ್ರ ಟಕ್ ಎಂದಿತು. ಗೆರೆ ಏರಿತು. ಮತ್ತೆ ಟಕ್. ಗೆರೆ ಇಳಿಯಿತು. ನಾವು ಮುಂದಿನ ಸದ್ದಿಗೆ ಕಾದೆವು.

ಬರಲಿಲ್ಲ.

ತೆರೆಯ ಮೇಲೆ ಗೆರೆ ಮಟ್ಟಸವಾಗಿ ನಿಂತಿತು. ಕೆಳಗೆ ಒಂದು ಸಣ್ಣ ಚೌಕದಲ್ಲಿ ಪರೀಕ್ಷೆ ಮುಗಿಯಿತು ಎಂಬ ಸಾಲು ಮೂಡಿತು. ಹೊರಗೆ ಹುಡುಗರು ಸೈಕಲ್ ಸ್ಟ್ಯಾಂಡಿನಲ್ಲಿ ಗದ್ದಲ ಮಾಡುತ್ತಿದ್ದರು, ಆದರೆ ಆ ಕೋಣೆಯೊಳಗಿನ ನಿಶ್ಶಬ್ದ ನನ್ನ ಕಿವಿಯನ್ನು ಒತ್ತಿ ಹಿಡಿಯಿತು. ಮಳೆಗಾಲದಿಂದೀಚೆಗೆ ಮೊದಲ ಸಲ ಅಲ್ಲಿ ಏನೂ ಇರಲಿಲ್ಲ.

"ಆತೇನ್ರಿ?" ಎಂದು ತಾಯಿ ಪಿಸುಗುಟ್ಟಿದರು.

"ಆತ್ರಿ ಅವ್ವಾರ."

ಅವರು ಯಂತ್ರದ ಮೇಲೆ ಕೈಯಿಟ್ಟರು. ಅದು ತಣ್ಣಗಾಗುವವರೆಗೂ ತೆಗೆಯಲಿಲ್ಲ. ಅಳಲಿಲ್ಲ. ಬಾಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದರು. ಸಂಜೆ ಮನೆಯಲ್ಲಿ ಹೇಳುವ ಶರಣದ ಸಾಲುಗಳಿರಬೇಕು. ಮುಗಿದ ಮೇಲೆ ಎದ್ದು ತಂಬಿಗೆಯ ನೀರನ್ನು ಅಷ್ಟೂ ಕುಡಿದರು. ಅಳು ಬಂದದ್ದು ನನಗೆ. ಮಣ್ಣಿನ ದಿನವೂ ಬಾರದ ಅಳು ಅವತ್ತು ಬಂತು. ಅವರು ನನ್ನ ಬೆನ್ನ ಮೇಲೆ ಕೈಯಾಡಿಸುತ್ತ, "ಸಾಕ್ರಿ, ಸಾಕ್ರಿ ಬಾಯಾರ" ಎನ್ನುತ್ತ ನಿಂತರು. ಸಂಜೆಯ ಬಸ್ಸಿಗೆ ಅವರನ್ನು ಹತ್ತಿಸಿ, ನಾನು ಹುಕ್ಕೇರಿಯ ಬಸ್ಸು ಹಿಡಿದೆ.

ನಿಂತ ಸೆಲ್ಲನ್ನು ಬಿಚ್ಚಿ ನೋಡುವುದು ನಮ್ಮ ಕೆಲಸದ ರೀತಿ. ಯಾಕೆ ಸೋತಿತು ಎಂದು ತಿಳಿಯಬೇಕು. ಬಿಚ್ಚಲು ನನಗೆ ಕೆಲವು ದಿನ ಬೇಕಾದವು. ಒಳಗೆ ಅವಳು ಹಾಸಿದ ಕರೀ ಪದರದಲ್ಲಿ ಸಣ್ಣ ಬಿರುಕುಗಳು ಮೂಡಿದ್ದವು, ಅಂಚಿನಲ್ಲಿ ಮಾತ್ರ. ನಡುವಿನ ಭಾಗ ಅವಳು ಕತ್ತರಿಸಿದ ದಿನದ ಹಾಗೇ ಇತ್ತು. ಆ ಬಿರುಕುಗಳ ಚಿತ್ರ ತೆಗೆದು, ಪತ್ರಿಕೆಯವರು ತಿದ್ದಲು ಮರಳಿಸಿದ್ದ ಲೇಖನಕ್ಕೆ ಸೇರಿಸಿದೆ. ಅಂಚು ಯಾಕೆ ಬಿರಿಯುತ್ತದೆ ಎಂಬುದರ ಮೇಲೆಯೇ ಈಗಿನ ನನ್ನ ವಿದ್ಯಾರ್ಥಿಗಳು ಕೆಲಸ ಮಾಡುತ್ತಿದ್ದಾರೆ. ಪುಡಿ ತೂಗುವ ಗೂಡಿಗೆ ಹೊಸ ಗಾಳಿಯಂತ್ರ ಹಾಕಿಸಿದ್ದೇನೆ. ಅದಕ್ಕಾಗಿ ಕಚೇರಿಗೆ ಎಷ್ಟು ಸಲ ಹೋದೆನೋ! ಹೋದಾಗಲೆಲ್ಲ ತಾಯಿಯ ಪ್ರಶ್ನೆ ನನ್ನ ಜೊತೆಗೇ ಬರುತ್ತಿತ್ತು.

ಲೇಖನ ಅಚ್ಚಾದ ಮೇಲೆ ಅದರ ಪ್ರತಿ ತೆಗೆದುಕೊಂಡು ತುಕ್ಕಾನಟ್ಟಿಗೆ ಹೋದೆ. ಕಡಿತ ಮುಗಿದು ಹೊಲಗಳು ಬಯಲಾಗಿದ್ದವು. ತಂದೆ ಕಟ್ಟೆಗೆ ಕಂಬಳಿ ಹಾಸಿದರು. ತಾಯಿಗೆ ಕನ್ನಡ ಓದಲು ಬರುವುದೇ ಅಷ್ಟಕ್ಕಷ್ಟೆ, ಇಂಗ್ಲೀಷು ಬಾರದು. ಹೆಸರು ಎಲ್ಲಿದೆ ಎಂದು ತೋರಿಸಲು ನಾನು ಬೆರಳು ಮುಂದೆ ಮಾಡುವಷ್ಟರಲ್ಲಿ ಅವರೇ ಅದರ ಮೇಲೆ ಬೆರಳಿಟ್ಟಿದ್ದರು.

"ಇದ ಹೌದಿಲ್ರಿ? ಫೋನಿಗಿ ಬಂದಿತ್ತಲ್ರಿ, ಅದರಾಗೂ ಹಿಂಗ ಐತಿ. ದಿನಾ ನೋಡತೇನಿ."

ಹೌದು ಎಂದೆ. ಹೆಸರಿನ ತುದಿಯಲ್ಲಿ ಮೇಲಕ್ಕೆ ಒಂದು ಪುಟ್ಟ ಗುರುತಿತ್ತು, ಸಣ್ಣ ಕತ್ತಿಯನ್ನು ತಲೆಕೆಳಗೆ ನೆಟ್ಟ ಹಾಗೆ.

"ಇದೇನ್ರಿ? ಫೋನಿನ್ಯಾಗ ಇದು ಇಲ್ಲ."

"ತೀರಿಕೊಂಡವರ ಹೆಸರಿಗೆ ಹಂಗ ಗುರ್ತ ಹಾಕತಾರ್ರಿ."

ತಾಯಿ ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಅಷ್ಟರಲ್ಲಿ ಬಾಜೂ ಮನೆಯಾಕೆ ನೀರಿನ ಕೊಡ ಹೊತ್ತು ಬರುತ್ತಿದ್ದಳು. "ಬಾ ಇಲ್ಲೆ, ನಮ್ಮ ಹುಡುಗಿ ಬರದದ್ದು ಅಚ್ಚಾಗಿ ಬಂದೈತಿ" ಎಂದು ತಾಯಿ ಕೂಗಿ ಕರೆದರು. ಹಾಳೆಯನ್ನು ಎತ್ತಿ ಅವಳಿಗೆ ತೋರಿಸುವಾಗ, ಆ ಗುರುತು ಕಾಣದಂತೆ ಅದರ ಮೇಲೆ ಹೆಬ್ಬೆರಳು ಇಟ್ಟು ಹಿಡಿದಿದ್ದರು.